ವಿಕಲಚೇತನ ಮಕ್ಕಳ ಸ್ಕಾಲರ್‌ಶಿಪ್: ಯುಡಿಐಡಿ ಕಾರ್ಡಿನಿಂದ ಖಾತೆಗೆ ಹಣ ಬೀಳುವವರೆಗೆ

ಶಾಲೆ ಶುರುವಾಗಿ ಎರಡು ತಿಂಗಳಾಯಿತೆಂದರೆ ನಮ್ಮ ಮನೆ ಜಗಲಿಯ ಮೇಲೆ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡ ಅಪ್ಪ ಅಮ್ಮಂದಿರು ಬಂದು ಕೂರುತ್ತಾರೆ. ಕವರಿನೊಳಗೆ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡು, ಆಸ್ಪತ್ರೆಯಲ್ಲಿ ಎಂದೋ ಕೊಟ್ಟ ಅಂಗವಿಕಲರ ಸರ್ಟಿಫಿಕೇಟು. "ಅಕ್ಕಾ, ಮಗಳಿಗೆ ಸ್ಕಾಲರ್‌ಶಿಪ್ ಬರುತ್ತಂತೆ, ಸ್ವಲ್ಪ ಆನ್‌ಲೈನ್ ಮಾಡಿಕೊಡಿ" ಎನ್ನುತ್ತಾರೆ. ನನ್ನ ತಮ್ಮನಿಗೆ ಹುಟ್ಟಿನಿಂದಲೂ ದೃಷ್ಟಿ ಕಡಿಮೆ. ಅವನ ಒಂಬತ್ತನೇ ಕ್ಲಾಸಿನಿಂದ ಎಂ.ಎ. ಮುಗಿಯುವವರೆಗೆ ಅರ್ಜಿ ಹಾಕಿದ್ದು ನಾನು. ಅದನ್ನು ನೋಡಿದವರು ಒಬ್ಬರಾದ ಮೇಲೆ ಒಬ್ಬರು ಬರತೊಡಗಿದರು.

ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ತಿಳಿದ ಮಾತು ಒಂದೇ. ಅರ್ಜಿ ತುಂಬುವುದು ಒಂದು ಗಂಟೆಯ ಕೆಲಸ. ಅದಕ್ಕೆ ಮೊದಲಿನ ತಯಾರಿ ಎರಡು ಮೂರು ತಿಂಗಳದ್ದು. ಅರ್ಜಿ ಹಾಕಿದ ಮೇಲೆ ಬೆನ್ನು ಹತ್ತುವುದು ಇನ್ನೂ ಕೆಲವು ತಿಂಗಳದ್ದು. ಮಕ್ಕಳಿಗೆ ಹಣ ತಪ್ಪಿಹೋಗುವುದು ಹೆಚ್ಚಾಗಿ ಈ ಹಿಂದಿನ, ಮುಂದಿನ ಕೆಲಸಗಳಲ್ಲಿ. ಹಾಗಾಗಿ ಈ ಬರಹದಲ್ಲಿ ಫಾರ್ಮ್ ತುಂಬುವುದಕ್ಕಿಂತ ಅವುಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು, ನಿಮ್ಮ ಮಗುವಿಗೆ ಯಾವುದು ಸಿಗುತ್ತದೆ?

ಎರಡು ದಾರಿಗಳಿವೆ. ಒಂದು ಕೇಂದ್ರ ಸರ್ಕಾರದ್ದು, ಅರ್ಜಿ ಹಾಕುವುದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಎಲ್ಲರೂ ಎನ್‌ಎಸ್‌ಪಿ ಅನ್ನುತ್ತಾರೆ. ಇನ್ನೊಂದು ಕರ್ನಾಟಕ ಸರ್ಕಾರದ್ದು, ಅದಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಹುಡುಕುವವರು ಬಹಳ ಮಂದಿ. ಯಾವುದರಲ್ಲಿ ಹಾಕಿದಿರಿ ಅಂತ ಕವರಿನ ಮೇಲೆ ದೊಡ್ಡದಾಗಿ ಬರೆದಿಡಿ.

ಕೇಂದ್ರದ ಪ್ರೀ ಮೆಟ್ರಿಕ್ ವಿದ್ಯಾರ್ಥಿವೇತನ 9 ಮತ್ತು 10ನೇ ತರಗತಿಯವರಿಗೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಅಪ್ಪ ಅಮ್ಮನ ಆದಾಯ ವರ್ಷಕ್ಕೆ 2.5 ಲಕ್ಷ ರೂಪಾಯಿ ದಾಟಿರಬಾರದು. 2018ರಲ್ಲಿ ಎಲ್ಲ ಯೋಜನೆಗಳನ್ನು ಒಂದೇ ಸೂರಿನಡಿ ತಂದಾಗ ಗೊತ್ತುಮಾಡಿದ ದರದಲ್ಲಿ, ಮನೆಯಿಂದ ಹೋಗಿಬರುವ ಮಗುವಿಗೆ ತಿಂಗಳಿಗೆ 500 ರೂಪಾಯಿ, ಹಾಸ್ಟೆಲ್‌ನಲ್ಲಿ ಇರುವ ಮಗುವಿಗೆ 800 ರೂಪಾಯಿ. ಪುಸ್ತಕಕ್ಕೆ ವರ್ಷಕ್ಕೆ 1,000. ಇದರ ಜೊತೆಗೆ ಅಂಗವೈಕಲ್ಯದ ಬಗೆ ನೋಡಿ ವರ್ಷಕ್ಕೆ 2,000ದಿಂದ 4,000 ರೂಪಾಯಿ ಭತ್ಯೆ. ದೃಷ್ಟಿದೋಷ ಮತ್ತು ಬುದ್ಧಿಮಾಂದ್ಯ ಇರುವ ಮಕ್ಕಳಿಗೆ ಹೆಚ್ಚಿನ ಮೊತ್ತ.

ಪಿಯುಸಿಯಿಂದ ಸ್ನಾತಕೋತ್ತರ ಪದವಿ ಮತ್ತು ಡಿಪ್ಲೊಮಾವರೆಗೆ ಪೋಸ್ಟ್ ಮೆಟ್ರಿಕ್. ಆದಾಯ ಮಿತಿ ಇಲ್ಲೂ 2.5 ಲಕ್ಷ. ಇದರಲ್ಲಿ ದೊಡ್ಡ ಲಾಭ ಫೀಸಿನದು. ಕಾಲೇಜಿಗೆ ಕಟ್ಟಿದ, ವಾಪಸ್ ಬರದ ಕಡ್ಡಾಯ ಶುಲ್ಕವನ್ನು ವರ್ಷಕ್ಕೆ 1.5 ಲಕ್ಷದವರೆಗೆ ಮರಳಿಸುತ್ತಾರೆ. ಅದಕ್ಕೇ ಕಾಲೇಜಿನ ಪ್ರತಿ ರಸೀದಿಯನ್ನೂ ಜೋಪಾನವಾಗಿ ಇಡಿ. ತಿಂಗಳ ಭತ್ಯೆ ಕೋರ್ಸ್ ಮೇಲೆ ನಿಲ್ಲುತ್ತದೆ. ಮೇಲಿನ ಗುಂಪಿನ, ಅಂದರೆ ವೃತ್ತಿಪರ ಪದವಿ ಕೋರ್ಸ್‌ಗಳಿಗೆ ಹಾಸ್ಟೆಲ್‌ನವರಿಗೆ 1,600, ಮನೆಯಿಂದ ಬರುವವರಿಗೆ 750. ಪುಸ್ತಕಕ್ಕೆ ವರ್ಷಕ್ಕೆ 1,500.

ಐಐಟಿ, ಐಐಎಂ, ಎನ್‌ಐಟಿ ಥರದ, ಸರ್ಕಾರ ಪಟ್ಟಿ ಮಾಡಿದ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಟಾಪ್ ಕ್ಲಾಸ್ ವಿದ್ಯಾರ್ಥಿವೇತನವಿದೆ. ಫೀಸು ವರ್ಷಕ್ಕೆ 2 ಲಕ್ಷದವರೆಗೆ. ಕಂಪ್ಯೂಟರ್‌ಗೆಂದು ಒಂದು ಸಲ 30,000 ರೂಪಾಯಿ. ಇದು ಗೊತ್ತಿಲ್ಲದೆ ಪೋಸ್ಟ್ ಮೆಟ್ರಿಕ್‌ಗೇ ಅರ್ಜಿ ಹಾಕಿ ಸುಮ್ಮನಾದವರನ್ನು ನೋಡಿದ್ದೇನೆ. ನಿಮ್ಮ ಸಂಸ್ಥೆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ. ಪಿಎಚ್‌.ಡಿ. ಮಾಡುವವರಿಗೆ ನ್ಯಾಷನಲ್ ಫೆಲೋಶಿಪ್, ಹೊರದೇಶಕ್ಕೆ ಹೋಗುವವರಿಗೆ ಓವರ್‌ಸೀಸ್ ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆಗೆ ಉಚಿತ ಕೋಚಿಂಗ್ ಕೂಡ ಇದೇ ಸೂರಿನಡಿ ಇವೆ. ಅವುಗಳ ಅರ್ಜಿಯ ದಾರಿ ಬೇರೆ, ಸೀಟುಗಳೂ ಕಡಿಮೆ. ಇಲ್ಲಿ ಅವನ್ನು ಬಿಡಿಸಿ ಹೇಳಲು ಹೋಗುವುದಿಲ್ಲ.

ಡಿಪ್ಲೊಮಾ, ಎಂಜಿನಿಯರಿಂಗ್ ಸೇರುವವರು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಅಖಿಲ ಭಾರತ ಪರಿಷತ್ತಿನ, ಅಂದರೆ ಎಐಸಿಟಿಇಯ ಸಕ್ಷಮ್ ವಿದ್ಯಾರ್ಥಿವೇತನವನ್ನು ಮರೆಯಬೇಡಿ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ, ಅಥವಾ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿದ ಶೇ 40ರ ಮೇಲಿನ ವಿಕಲಚೇತನ ವಿದ್ಯಾರ್ಥಿಗೆ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ. ಅಂದರೆ 2.5 ಲಕ್ಷದ ಗೆರೆ ದಾಟಿದ ಮನೆಯವರಿಗೂ ಇಲ್ಲಿ ಬಾಗಿಲು ತೆರೆದಿದೆ. ಅರ್ಜಿ ಎನ್‌ಎಸ್‌ಪಿಯಲ್ಲೇ.

ಇನ್ನು ನಮ್ಮ ರಾಜ್ಯದ್ದು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಒಂದನೇ ತರಗತಿಯಿಂದಲೇ ವಿದ್ಯಾರ್ಥಿವೇತನ ಕೊಡುತ್ತದೆ. ಒಂಬತ್ತನೇ ಕ್ಲಾಸಿಗಿಂತ ಕೆಳಗಿನ ಮಕ್ಕಳಿಗೆ ಇದೇ ಆಸರೆ. ಮೆಟ್ರಿಕ್ ನಂತರದವರಿಗೂ ಇದೆ, ಶುಲ್ಕ ಮರುಪಾವತಿಯೂ ಇದೆ. ಶಾಲೆಗೆ ಹೋಗುವ ವಿಕಲಚೇತನ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಭತ್ಯೆ ಬೇರೆ ಇದೆ. ಅದನ್ನು ಶಾಲೆಯ ಮೂಲಕವೇ ಕೇಳಬೇಕು.

ಒಂದು ಎಚ್ಚರಿಕೆ. ಕೇಂದ್ರದ ನಿಯಮದ ಪ್ರಕಾರ ಒಂದೇ ತರಗತಿಗೆ ಇನ್ನೊಂದು ವಿದ್ಯಾರ್ಥಿವೇತನ ತೆಗೆದುಕೊಳ್ಳುವಂತಿಲ್ಲ. ಎರಡೂ ಮಂಜೂರಾದರೆ ಒಂದನ್ನು ಆರಿಸಿಕೊಳ್ಳಬೇಕು. ಫೀಸು ಜಾಸ್ತಿ ಇರುವ ಕೋರ್ಸ್ ಆದರೆ ಫೀಸು ತುಂಬಿಕೊಡುವುದನ್ನೇ ಆರಿಸಿ ಎಂದು ನಾನು ಹೇಳುತ್ತೇನೆ. ಹಾಗೆಯೇ ಒಂದು ಮನೆಯಲ್ಲಿ ಇಬ್ಬರು ವಿಕಲಚೇತನ ಮಕ್ಕಳವರೆಗೆ ಮಾತ್ರ ಕೇಂದ್ರದ್ದು ಸಿಗುತ್ತದೆ. ಎರಡನೇ ಹೆರಿಗೆ ಅವಳಿಯಾಗಿದ್ದರೆ ಆ ಇಬ್ಬರಿಗೂ ಸಿಗುತ್ತದೆ.

ಯುಡಿಐಡಿ ಕಾರ್ಡು: ಬುಡದ ಕಲ್ಲು

ಹಳೆಯ ಸರ್ಟಿಫಿಕೇಟು ಇದೆಯಲ್ಲ, ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಈಗ ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ನಂಬರ್ ಇಲ್ಲದೆ ಎಲ್ಲೂ ಮುಂದೆ ಹೋಗುವುದಿಲ್ಲ ಅಂದುಕೊಂಡೇ ಹೊರಡಿ. ಕಾರ್ಡು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಶಾಲೆ ಶುರುವಾಗುವ ತನಕ ಕಾಯದೆ ಬೇಸಿಗೆ ರಜೆಯಲ್ಲೇ ಶುರು ಮಾಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹಳೆಯ 1995ರ ಕಾಯ್ದೆಯಲ್ಲಿ ಇದ್ದದ್ದು 7 ಮಾತ್ರ. ಹಾಗಾಗಿ ಎಷ್ಟೋ ಮನೆಗಳಲ್ಲಿ ತಮ್ಮ ಮಗು ಇದಕ್ಕೆ ಸೇರುತ್ತದೆ ಅನ್ನುವುದೇ ಗೊತ್ತಿಲ್ಲ. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಆಟಿಸಂ, ಕುಬ್ಜತೆ, ಓದು ಬರಹದಲ್ಲಿ ತೊಡಕಾಗುವ ಕಲಿಕಾ ನ್ಯೂನತೆ, ಎಲ್ಲವೂ ಪಟ್ಟಿಯಲ್ಲಿವೆ. ನಮ್ಮ ಬೀದಿಯಲ್ಲೇ ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುವ ಹುಡುಗನೊಬ್ಬನಿದ್ದಾನೆ. ಅವನ ಅಮ್ಮ "ಅವನಿಗೆ ಕೈಕಾಲು ಚೆನ್ನಾಗೇ ಇದೆಯಲ್ಲಮ್ಮ" ಎಂದು ಹತ್ತನೇ ಕ್ಲಾಸಿನವರೆಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಸ್ವಾವಲಂಬನ್ ಕಾರ್ಡ್ ಜಾಲತಾಣಕ್ಕೆ ಹೋಗಿ, ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ ಹಾಕಿ ಅರ್ಜಿ ಸಲ್ಲಿಸಿ. ತೋರಿಸಿಕೊಳ್ಳಲು ಹೋಗುವ ಆಸ್ಪತ್ರೆಯನ್ನು ಅಲ್ಲೇ ಆರಿಸಬೇಕು. ಅರ್ಜಿಯ ನಂಬರ್ ಬರೆದುಕೊಂಡು, ಆಸ್ಪತ್ರೆಯಲ್ಲಿ ಯಾವ ವಾರ ಯಾವ ಡಾಕ್ಟರ್ ಇರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಕಿವಿಗೆ ಒಂದು ದಿನ, ಮೂಳೆಗೆ ಒಂದು ದಿನ ಇರುವುದು ಸಾಮಾನ್ಯ. ಕೇಳದೆ ಹೋಗಿ ಬಸ್ ಚಾರ್ಜು ಕಳೆದುಕೊಂಡು ಬರಬೇಡಿ. ಹಳೆಯ ಚೀಟಿ, ಎಕ್ಸ್‌ರೇ, ಶ್ರವಣ ಪರೀಕ್ಷೆಯ ರಿಪೋರ್ಟು, ಐಕ್ಯೂ ಪರೀಕ್ಷೆಯ ವರದಿ, ಏನಿದೆಯೋ ಎಲ್ಲ ಹೊತ್ತೊಯ್ಯಿರಿ.

ಇದೆಲ್ಲ ಒಬ್ಬರೇ ಮಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಕಾಗದದ ಕಷ್ಟ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಂಚಾಯಿತಿಗೆ ಹೋಗಿ "ನಮ್ಮ ವಿಆರ್‌ಡಬ್ಲ್ಯು ಯಾರು, ಫೋನ್ ನಂಬರ್ ಕೊಡಿ" ಎಂದು ಕೇಳಿ. ನನ್ನ ತಮ್ಮನ ಕಾರ್ಡು ಬೇಗ ಆದದ್ದು ಅಂಥ ಒಬ್ಬರು ನಮ್ಮ ಜೊತೆ ಆಸ್ಪತ್ರೆಗೆ ಬಂದದ್ದರಿಂದ.

ಕಾರ್ಡು ಬಂದ ಕೂಡಲೇ ಮೂರು ಸಂಗತಿ ನೋಡಿ. ಒಂದು, ಶೇಕಡಾವಾರು ಎಷ್ಟು ಬರೆದಿದೆ. 2024ರಲ್ಲಿ ನಿಯಮ ತಿದ್ದಿದ ಮೇಲೆ ಬಣ್ಣ ನೋಡಿಯೇ ಹೇಳಬಹುದು: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಎರಡು, ಹೆಸರು ಮತ್ತು ಹುಟ್ಟಿದ ದಿನ. ಮೂರು, ಕಾರ್ಡು ಶಾಶ್ವತವೋ ತಾತ್ಕಾಲಿಕವೋ. ಬೆಳೆಯುವ ಮಕ್ಕಳಿಗೆ ಕೆಲವೊಮ್ಮೆ ಕೆಲವು ವರ್ಷಕ್ಕೆ ಮಾತ್ರ ಕೊಡುತ್ತಾರೆ. ಅರ್ಜಿಯ ಹೊತ್ತಿಗೆ ಅವಧಿ ಮುಗಿದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಡಾಕ್ಟರ್ ಕೊಟ್ಟ ಶೇಕಡಾವಾರು ತಪ್ಪು ಅನ್ನಿಸಿದರೆ ಸುಮ್ನೆ ವಾಪಸ್ ಬರಬೇಡಿ. ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕುವ ಹಕ್ಕಿದೆ. ಇನ್ನೊಂದು ಮಾತು ಗಡಿಯ ಕನ್ನಡಿಗರಿಗೆ. ಈ ಪ್ರಮಾಣಪತ್ರ ಇಡೀ ದೇಶಕ್ಕೆ ನಡೆಯುತ್ತದೆ. ಕಾಸರಗೋಡಿನಲ್ಲಿ ಮಾಡಿಸಿಕೊಂಡ ಮಗು ಮಂಗಳೂರಿನ ಕಾಲೇಜು ಸೇರಿದರೆ ಮತ್ತೆ ಮಾಡಿಸಬೇಕಾಗಿಲ್ಲ.

ಹೆಸರು ಹೊಂದಿಸುವ ಕೆಲಸ

ಎಲ್ಲಕ್ಕಿಂತ ಹೆಚ್ಚು ಅರ್ಜಿಗಳು ನನ್ನ ಕಣ್ಣ ಮುಂದೆ ಬಿದ್ದುಹೋಗಿರುವುದು ಇಲ್ಲಿ. ಹೋದ ವರ್ಷ ಒಬ್ಬ ಹುಡುಗಿ ಬಂದಿದ್ದಳು, ಪೋಲಿಯೊದಿಂದ ಒಂದು ಕಾಲು ಸಣ್ಣದಾದ ಅಪ್ಪನ ಜೊತೆ. ಹುಡುಗಿಗೆ ಕಿವಿ ಕೇಳಿಸದು. ಅವಳ ನಾಲ್ಕು ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಧಾರ್‌ನಲ್ಲಿ ಸವಿತ ಎಂದು ಇಂಗ್ಲಿಷಿನಲ್ಲಿ ಕೊನೆಗೆ ಒಂದೇ ಎ. ಮಾರ್ಕ್ಸ್ ಕಾರ್ಡಿನಲ್ಲಿ ಕೊನೆಗೆ ಎರಡು ಎ, ಮುಂದೆ ಅಪ್ಪನ ಇನಿಶಿಯಲ್. ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ. ಯುಡಿಐಡಿಯಲ್ಲಿ ಅಪ್ಪನ ಪೂರ್ತಿ ಹೆಸರೇ ಸೇರಿಕೊಂಡಿದೆ. ನಮ್ಮ ಕಣ್ಣಿಗೆ ನಾಲ್ವರೂ ಒಬ್ಬಳೇ. ಕಂಪ್ಯೂಟರಿಗೆ ನಾಲ್ಕು ಜನ. ಅಪ್ಪ ಬೆರಳಿಟ್ಟು ಒಂದೊಂದೇ ಅಕ್ಷರ ನೋಡುತ್ತಾ "ಒಂದು ಅಕ್ಷರಕ್ಕೆ ಎರಡು ವರ್ಷದ ದುಡ್ಡು ಹೋಯ್ತಲ್ಲ ಮೇಡಂ" ಎಂದರು. ಹುಡುಗಿ ಅವರ ಮುಖವನ್ನೇ ನೋಡುತ್ತಾ ನಿಂತಿದ್ದಳು.

ನೀವೂ ಹಾಗೇ ಎಲ್ಲವನ್ನೂ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಹೆಸರು, ಇನಿಶಿಯಲ್ ಇರುವ ಜಾಗ, ಹುಟ್ಟಿದ ದಿನ, ಗಂಡು ಹೆಣ್ಣು ಎಂದು ಬರೆದಿರುವುದು, ಅಪ್ಪನ ಹೆಸರು.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಎಸ್‌ಎಸ್‌ಎಲ್‌ಸಿ ಮುಗಿದಿದ್ದರೆ ಆ ಮಾರ್ಕ್ಸ್ ಕಾರ್ಡನ್ನೇ ಮೂಲ ಅಂದುಕೊಳ್ಳಿ. ಅದನ್ನು ತಿದ್ದಿಸುವುದು ಬಹಳ ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ, ಹುಟ್ಟಿದ ದಿನವನ್ನು ಒಂದೇ ಸಲ ಬದಲಿಸಬಹುದು. ಅವಸರದಲ್ಲಿ ಇನ್ನೊಂದು ತಪ್ಪು ಮಾಡಿಕೊಳ್ಳಬೇಡಿ. ಸೆಂಟರ್‌ನವರು ಟೈಪ್ ಮಾಡಿದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ಎಂದು ಕೇಳಿ, ಓದಿ ನೋಡಿದ ಮೇಲೆಯೇ ಸರಿ ಎನ್ನಿ. ಮಗು ಇನ್ನೂ ಒಂಬತ್ತನೇ ತರಗತಿಯಲ್ಲಿದ್ದರೆ ಶಾಲೆಯ ದಾಖಲೆಯನ್ನು ಈಗಲೇ ತಿದ್ದಿಸಿಬಿಡಿ. ಎಸ್‌ಎಸ್‌ಎಲ್‌ಸಿಗೆ ನೋಂದಣಿ ಆದಮೇಲೆ ಆ ತಪ್ಪು ಗಟ್ಟಿಯಾಗುತ್ತದೆ.

15 ವರ್ಷ ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕು. 17 ವರ್ಷದೊಳಗೆ ಮಾಡಿಸಿದರೆ ದುಡ್ಡಿಲ್ಲ. ಹೈಸ್ಕೂಲು ಮಕ್ಕಳು ಇದೇ ವಯಸ್ಸಿನವರಲ್ವಾ, ಅರ್ಜಿಗೆ ಮೊದಲೇ ಮುಗಿಸಿ.

ಬ್ಯಾಂಕ್ ಖಾತೆ

ಪಾಸ್‌ಬುಕ್‌ನ ಮೇಲೆ ಆಧಾರ್ ನಂಬರ್ ಬರೆದಿದ್ದರೆ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ, ಆಯಿತು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಡುವುದು ಒಂದು, ಸರ್ಕಾರದ ಹಣ ನೇರವಾಗಿ (ಡಿಬಿಟಿ ಅನ್ನುವುದು ಇದಕ್ಕೇ) ಈ ಖಾತೆಗೇ ಬರಲಿ ಎಂದು ಬ್ಯಾಂಕುಗಳ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಪಟ್ಟಿಯಲ್ಲಿ ಸೇರಿಸುವುದು ಇನ್ನೊಂದು. ಬ್ಯಾಂಕಿನಲ್ಲಿ "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಎಂದು ಇದೇ ಪದದಲ್ಲಿ ಕೇಳಿ. ಅದಕ್ಕೊಂದು ಒಪ್ಪಿಗೆ ಫಾರ್ಮ್ ಇರುತ್ತದೆ. ಕೆಲವು ದಿನ ಬಿಟ್ಟು ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದು ಯಾವ ಬ್ಯಾಂಕಿನ ಹೆಸರು ಬರುತ್ತದೆ ನೋಡಿ. ಒಂದು ಆಧಾರ್‌ಗೆ ಒಂದೇ ಖಾತೆ. ಕೊನೆಗೆ ಸೀಡ್ ಮಾಡಿದ ಖಾತೆಗೇ ಹಣ ಹೋಗುವುದು. ಎರಡು ಬ್ಯಾಂಕಿನಲ್ಲಿ ಖಾತೆ ಇರುವವರು ಇಲ್ಲೇ ಎಡವುತ್ತಾರೆ.

ಖಾತೆ ಮಗುವಿನ ಹೆಸರಲ್ಲೇ ಇರಲಿ. ಎರಡು ವರ್ಷ ಯಾವ ವ್ಯವಹಾರವೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಆರು ತಿಂಗಳಿಗೊಮ್ಮೆ ನೂರು ರೂಪಾಯಿ ಹಾಕಿ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿ. ಬ್ಯಾಂಕು ದೂರವಿದ್ದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ವಿಚಾರಿಸಿ. ಕಣ್ಣು ಕಾಣದ ಮಗುವಿಗೆ ಖಾತೆ ತೆರೆಯಲು ಯಾರಾದರೂ ಹಿಂದೇಟು ಹಾಕಿದರೆ, ದೃಷ್ಟಿದೋಷದ ಕಾರಣಕ್ಕೆ ಬ್ಯಾಂಕ್ ಸೌಲಭ್ಯ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ ಎಂದು ಹೇಳಿ. ಮ್ಯಾನೇಜರ್ ಹತ್ತಿರವೇ ಹೋಗಿ ಹೇಳಿ.

ಉಳಿದ ಕಾಗದ

ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅದರ ಮೇಲಿನ ಆರ್‌ಡಿ ನಂಬರ್ ಮುಖ್ಯ, ಎಸ್‌ಎಸ್‌ಪಿಯಲ್ಲಿ ಅದನ್ನೇ ಹಾಕಬೇಕು. ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ಜಾತಿ ಪ್ರಮಾಣಪತ್ರ ಇದ್ದರೆ ಅದರ ಆರ್‌ಡಿ ನಂಬರ್ ಕೂಡ. ಹಿಂದಿನ ವರ್ಷದ ಮಾರ್ಕ್ಸ್ ಕಾರ್ಡು, ಈ ವರ್ಷದ ವ್ಯಾಸಂಗ ಪ್ರಮಾಣಪತ್ರ, ಫೀಸಿನ ರಸೀದಿ, ಹಾಸ್ಟೆಲ್‌ನಲ್ಲಿದ್ದರೆ ವಾರ್ಡನ್ ಕೊಟ್ಟ ಪತ್ರ. ಶಾಲಾ ಮಕ್ಕಳಿಗೆ ಎಸ್‌ಎಟಿಎಸ್ ನಂಬರ್ ಬೇಕು, ಶಾಲೆಯಲ್ಲಿ ಕೇಳಿದರೆ ಕೊಡುತ್ತಾರೆ. ಎಲ್ಲವನ್ನೂ ಒಳ್ಳೆ ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ಒಂದು ಪೆನ್‌ಡ್ರೈವ್‌ನಲ್ಲಿ ಇಡಿ.

ಮೊಬೈಲ್ ನಂಬರ್ ಬಗ್ಗೆಯೂ ಒಂದು ಮಾತು. ಸೈಬರ್ ಸೆಂಟರ್‌ನವರ ನಂಬರ್ ಹಾಕಿಸಬೇಡಿ. ಓಟಿಪಿ, ಅರ್ಜಿ ವಾಪಸ್ ಬಂದ ಸುದ್ದಿ, ಎಲ್ಲವೂ ಆ ನಂಬರಿಗೇ ಹೋಗುತ್ತವೆ. ಮನೆಯಲ್ಲಿ ಬದಲಾಗದೆ ಇರುವ ನಂಬರ್ ಕೊಡಿ, ಅದೇ ಆಧಾರ್‌ಗೂ ಜೋಡಣೆ ಆಗಿರಲಿ.

ಓಟಿಆರ್: ಒಂದೇ ಸಲದ ನೋಂದಣಿ

ಎನ್‌ಎಸ್‌ಪಿಯಲ್ಲಿ ಈಗ ಅರ್ಜಿಗೆ ಮೊದಲು ಓಟಿಆರ್ ಮಾಡಿಕೊಳ್ಳಬೇಕು. ಆಧಾರ್ ನಂಬರ್, ಓಟಿಪಿ ಹಾಕಿದರೆ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಆಮೇಲೆ ಫೋನಿನಲ್ಲಿ ಎನ್‌ಎಸ್‌ಪಿ ಓಟಿಆರ್ ಆ್ಯಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿಕೊಂಡು ಮುಖ ತೋರಿಸಬೇಕು. ಅದು ಮುಗಿದರೆ 14 ಅಂಕಿಯ ಓಟಿಆರ್ ನಂಬರ್ ಸಿಗುತ್ತದೆ. ಓದು ಮುಗಿಯುವವರೆಗೂ ಅದೇ ನಂಬರ್.

ಮುಖ ತೋರಿಸುವಲ್ಲಿ ನಮ್ಮ ಮಕ್ಕಳಿಗೆ ತೊಂದರೆ ಆಗುತ್ತದೆ. ವೃತ್ತದೊಳಗೆ ಮುಖ ಇಟ್ಟು ಕಣ್ಣು ಮಿಟುಕಿಸಿ ಎಂದು ಆ್ಯಪ್ ಕೇಳುತ್ತದೆ. ನನ್ನ ತಮ್ಮನಂಥ ಇನ್ನೊಬ್ಬ ಹುಡುಗ ಬಂದಿದ್ದ, ಅವನಿಗೆ ಆ ವೃತ್ತವೇ ಕಾಣುತ್ತಿರಲಿಲ್ಲ. ಬೆಳಗಿನ ಬಿಸಿಲಿಗೆ ಮುಖ ಮಾಡಿ ಜಗಲಿಯಲ್ಲಿ ಕೂರಿಸಿದೆ. ಹಿಂದೆ ಬಿಳಿ ಗೋಡೆ. ಫೋನನ್ನು ಅವನ ಕೈಗೆ ಕೊಡದೆ ನಾನೇ ಹಿಡಿದೆ. "ಗಲ್ಲ ಸ್ವಲ್ಪ ಮೇಲೆ, ಈಗ ಕಣ್ಣು ಮುಚ್ಚಿ ತೆಗಿ, ಇನ್ನೊಂದು ಸಲ ನಿಧಾನಕ್ಕೆ" ಎನ್ನುತ್ತಾ ಏಳನೇ ಸಲಕ್ಕೆ ಆಯಿತು. ಕನ್ನಡಕ ತೆಗೆಸಿ. ತಲೆ ನಿಲ್ಲದ ಮಗುವಾದರೆ ಒಬ್ಬರು ಹಿಂದಿನಿಂದ ಮೆತ್ತಗೆ ಆಸರೆ ಕೊಡಿ, ಆದರೆ ಆ ಕೈ ಕ್ಯಾಮೆರಾದಲ್ಲಿ ಕಾಣಬಾರದು. ಹತ್ತಾರು ಸಲ ಮಾಡಿದರೂ ಆಗದಿದ್ದರೆ ಆ ಪರದೆಯ ಫೋಟೊ ತೆಗೆದಿಟ್ಟುಕೊಂಡು ಪೋರ್ಟಲ್‌ನ ಸಹಾಯವಾಣಿಗೆ ದೂರು ಹಾಕಿ, ಶಾಲೆಯಲ್ಲಿ ಈ ಅರ್ಜಿಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೂ ತಿಳಿಸಿ.

ಅರ್ಜಿ ತುಂಬುವುದು

ಪೋರ್ಟಲ್ ಸಾಮಾನ್ಯವಾಗಿ ಶಾಲಾ ವರ್ಷದ ಶುರುವಿನಲ್ಲಿ ತೆರೆಯುತ್ತದೆ. ಪ್ರೀ ಮೆಟ್ರಿಕ್‌ನ ಗಡುವು ಪೋಸ್ಟ್ ಮೆಟ್ರಿಕ್‌ಗಿಂತ ಮೊದಲೇ ಮುಗಿಯುವುದುಂಟು, ಹೈಸ್ಕೂಲು ಮಕ್ಕಳ ಪಾಲಕರು ಇದನ್ನು ನೆನಪಿಡಿ.

ಓಟಿಆರ್ ನಂಬರ್‌ನಿಂದ ಒಳಗೆ ಹೋಗಿ, ಹೊಸ ಅರ್ಜಿಯೋ ನವೀಕರಣವೋ ಆರಿಸಿ. ಶಾಲೆ ಕಾಲೇಜನ್ನು ಹೆಸರಿನಿಂದ ಹುಡುಕಬೇಡಿ, ಒಂದೇ ಹೆಸರಿನ ನಾಲ್ಕು ಬರುತ್ತವೆ. ಶಾಲೆಯಾದರೆ ಯುಡೈಸ್ ಕೋಡ್, ಕಾಲೇಜಾದರೆ ಎಐಎಸ್‌ಎಚ್‌ಇ ಕೋಡ್ ಕೇಳಿಕೊಂಡು ಬನ್ನಿ. ಕೋರ್ಸ್‌ನ ಹೆಸರು, ವರ್ಷ, ಫೀಸು ಸರಿಯಾಗಿ ಹಾಕಿ. ಫೀಸಿನಲ್ಲಿ ಬೋಧನಾ ಶುಲ್ಕ ಬೇರೆ, ಇತರೆ ಶುಲ್ಕ ಬೇರೆ. ಅಂಗವೈಕಲ್ಯ ಇದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿ ಯುಡಿಐಡಿ ವಿವರ ಹಾಕಿದರೆ ಮಾತ್ರ ಈ ಯೋಜನೆಗಳು ಪಟ್ಟಿಯಲ್ಲಿ ಬರುತ್ತವೆ. ಕೆಲವು ಮಕ್ಕಳು ನಾಚಿಕೆಯಿಂದ ಅಲ್ಲಿ ಇಲ್ಲ ಎಂದು ಒತ್ತಿಬಿಡುತ್ತಾರೆ. ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿ.

ಮೊದಲು ಡ್ರಾಫ್ಟ್ ಆಗಿ ಉಳಿಸಿ, ಮನೆಗೆ ಬಂದು ಇನ್ನೊಂದು ಸಲ ಓದಿ. ಫೈನಲ್ ಸಬ್ಮಿಟ್ ಕೊಟ್ಟ ಮೇಲೆ ಯಾರಾದರೂ ವಾಪಸ್ ಕಳಿಸದ ಹೊರತು ತಿದ್ದಲು ಆಗುವುದಿಲ್ಲ. ಡ್ರಾಫ್ಟಿನಲ್ಲೇ ಬಿಟ್ಟು ಅರ್ಜಿ ಹಾಕಿದ್ದೇವೆ ಅಂದುಕೊಂಡು ಕೂತವರೂ ಇದ್ದಾರೆ. ಸಬ್ಮಿಟ್ ಆಗಿದೆ ಎಂದು ತೋರಿಸುವ ಪ್ರಿಂಟ್ ಕೈಗೆ ಬಂದ ಮೇಲೆಯೇ ಏಳಿ.

ಎಸ್‌ಎಸ್‌ಪಿಯಲ್ಲಿ ಕ್ರಮ ಸ್ವಲ್ಪ ಬೇರೆ. ಇಲ್ಲಿ ಬೇರೆ ಬೇರೆ ಇಲಾಖೆಗಳ ವಿದ್ಯಾರ್ಥಿವೇತನ ಒಂದೇ ಕಡೆ ಸೇರಿವೆ. ಅಪ್ಪ ಅಮ್ಮನ ಆಧಾರ್ ಕೂಡ ಕೇಳುತ್ತದೆ. ಮೆಟ್ರಿಕ್ ನಂತರದವರು ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಯಿಂದ ಮೊದಲು ದೃಢೀಕರಿಸಿಕೊಳ್ಳಬೇಕು. ಅಲ್ಲಿ ಸಿಗುವ ನಂಬರ್‌ಗಳನ್ನು ಅರ್ಜಿಯಲ್ಲಿ ಹಾಕಬೇಕು. ಆ ಅಧಿಕಾರಿ ಯಾರು ಎಂದು ಕಾಲೇಜು ಸೇರಿದ ವಾರವೇ ಕೇಳಿಟ್ಟುಕೊಳ್ಳಿ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅರ್ಜಿಗೆ ನೆರವು ಕೇಳಬಹುದು.

ಕಾಲೇಜಿನ ಮೇಜಿನ ಮೇಲೆ

ಎನ್‌ಎಸ್‌ಪಿ ಅರ್ಜಿ ಸಲ್ಲಿಸಿದರೆ ಅದು ಮೊದಲು ಹೋಗುವುದು ನಿಮ್ಮ ಶಾಲೆ ಅಥವಾ ಕಾಲೇಜಿನ ನೋಡಲ್ ಅಧಿಕಾರಿಗೆ. ಅವರು ಪರಿಶೀಲಿಸಿ ಒಪ್ಪಿದರೆ ಮಾತ್ರ ಮೇಲಿನ ಹಂತಕ್ಕೆ ಹೋಗುತ್ತದೆ. ಅವರಿಗೂ ಒಂದು ಗಡುವು ಇರುತ್ತದೆ. ಅದು ದಾಟಿದರೆ ನಿಮ್ಮ ತಪ್ಪು ಏನೂ ಇಲ್ಲದಿದ್ದರೂ ಆ ವರ್ಷ ಮುಗಿಯಿತು.

ನನ್ನ ತಮ್ಮನ ಡಿಗ್ರಿ ಎರಡನೇ ವರ್ಷ ಹೀಗೇ ಹೋಯಿತು. ಅರ್ಜಿ ಸರಿಯಾಗಿತ್ತು, ಪ್ರಿಂಟ್ ಕೊಟ್ಟಿದ್ದೆವು. ನೋಡಿಕೊಳ್ಳುತ್ತಿದ್ದವರು ವರ್ಗಾವಣೆ ಆಗಿ, ಪಾಸ್‌ವರ್ಡ್ ಹೊಸಬರಿಗೆ ಸಿಕ್ಕಿರಲಿಲ್ಲ. ನಾವು ವಿಚಾರಿಸಲು ಹೋದದ್ದು ಗಡುವು ಮುಗಿದು ಹತ್ತು ದಿನಕ್ಕೆ. ಅವನು ಆ ವರ್ಷ ಅಕ್ಷರ ದೊಡ್ಡದು ಮಾಡುವ ಭೂತಗನ್ನಡಿ ಕೊಳ್ಳಬೇಕೆಂದಿದ್ದ. ಕೊಳ್ಳಲಿಲ್ಲ. ಗೆಳೆಯರಿಂದ ಓದಿಸಿಕೊಂಡು ಪರೀಕ್ಷೆ ಬರೆದ.

ಅದಾದ ಮೇಲೆ ನಾನು ಮಾಡುವುದು ಹೀಗೆ. ಅರ್ಜಿ ಹಾಕಿದ ಎರಡು ದಿನದೊಳಗೆ ಪ್ರಿಂಟು, ದಾಖಲೆಗಳ ನಕಲು, ಮೇಲೆ ಒಂದು ಮನವಿ ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡುತ್ತೇನೆ. ಸಂಸ್ಥೆಯಲ್ಲಿ ಬಾಕಿ ಎಂದೇ ತೋರಿಸುತ್ತಿದ್ದರೆ ಗಡುವಿಗೆ ಹದಿನೈದು ದಿನ ಇರುವಾಗ ಪ್ರಿನ್ಸಿಪಾಲರನ್ನು ನೇರವಾಗಿ ಕಾಣುತ್ತೇನೆ. ಡಿಫೆಕ್ಟಿವ್ ಎಂದು ಬಂದರೆ ಹೆದರಬೇಡಿ. ತಿದ್ದಿ ಕಳಿಸಲು ವಾಪಸ್ ಕೊಟ್ಟಿದ್ದಾರೆ ಎಂದು ಅರ್ಥ. ಕಾರಣ ಅಲ್ಲೇ ಬರೆದಿರುತ್ತದೆ. ಅವತ್ತೇ ತಿದ್ದಿ ಮತ್ತೆ ಸಲ್ಲಿಸಿ.

ಮಾತಾಡುವಾಗ ಹಿಂಜರಿಯಬೇಡಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರುವ ವಿದ್ಯಾರ್ಥಿಗಳಿಗೆ ತಕ್ಕ ಸಂದರ್ಭಗಳಲ್ಲಿ ವಿದ್ಯಾರ್ಥಿವೇತನ ಕೊಡಬೇಕು ಎನ್ನುವುದು 2016ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದೆ.

ಹಣ ಬರದಿದ್ದರೆ

ಅರ್ಜಿ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ಸೀಡಿಂಗ್ ನೋಡಿ. ಆಮೇಲೆ ಕೇಂದ್ರ ಸರ್ಕಾರದ ಪಾವತಿಗಳ ಲೆಕ್ಕ ಇಡುವ ಪಿಎಫ್‌ಎಂಎಸ್ ಜಾಲತಾಣದಲ್ಲಿ ಪಾವತಿ ಸ್ಥಿತಿ ನೋಡಿ. ರಾಜ್ಯದ ಹಣವಾದರೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ ಯಾವತ್ತು ಬಿತ್ತು ಎಂದು ಕಾಣುತ್ತದೆ. ಎಷ್ಟೋ ಸಲ ಮರೆತುಹೋದ ಹಳೆಯ ಖಾತೆಯಲ್ಲಿ ಹಣ ಕೂತಿರುತ್ತದೆ.

ಅದೂ ಅಲ್ಲವಾದರೆ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗೆ ಬರೆದ ಅರ್ಜಿ ಕೊಡಿ. ಬಾಯಿಮಾತು ಬೇಡ. ಅರ್ಜಿ ನಂಬರ್, ಓಟಿಆರ್ ನಂಬರ್, ಸೀಲು ಹಾಕಿಸಿದ ಪ್ರತಿ ಜೊತೆಗಿರಲಿ. ಅಲ್ಲೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ ದೂರು ಕಳಿಸಿ. ಅಂಚೆಯಲ್ಲಿ ಕಳಿಸಿದರೂ ಸರಿ.

ಮುಂದಿನ ವರ್ಷ

ವಿದ್ಯಾರ್ಥಿವೇತನ ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಪಾಸಾಗಿರಬೇಕು, ಅದೇ ತರಗತಿಯಲ್ಲಿ ಮತ್ತೆ ಕೂತರೆ ಎರಡನೇ ಸಲ ಹಣ ಸಿಗುವುದಿಲ್ಲ. ಹತ್ತನೇ ತರಗತಿ ಮುಗಿಸಿ ಪಿಯುಸಿ ಸೇರಿದರೆ ಯೋಜನೆ ಬದಲಾಗುತ್ತದೆ, ಅಲ್ಲಿ ಹೊಸ ಅರ್ಜಿ.

ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಮೇಲೆ ಏಪ್ರಿಲ್‌ನಲ್ಲಿ ಯುಡಿಐಡಿ ಅವಧಿ, ಮೇ ತಿಂಗಳಲ್ಲಿ ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಸೀಡಿಂಗ್, ಜೂನ್‌ನಿಂದ ಪೋರ್ಟಲ್ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ತಮ್ಮನಿಗೂ ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ.